ಬೆಳಕು ಕೂಡಿಸುವ ಕೆಲಸ

ನಾನು ಸತ್ತವರನ್ನು ಬದುಕಿದವರ ಪಕ್ಕದಲ್ಲಿ ನಿಲ್ಲಿಸಿದವಳು. ತಂಗಿಯ ಮದುವೆಗೆ ರಜೆ ಸಿಗದ ಸಿಪಾಯಿಯನ್ನು ಮದುವೆಯ ಫೋಟೋದೊಳಗೆ ತಂದು ಕೂಡಿಸಿದವಳು. ಸಮುದ್ರವನ್ನೇ ಕಾಣದ ಗಂಡ ಹೆಂಡತಿಯನ್ನು ಸಮುದ್ರದ ದಂಡೆಯಲ್ಲಿ ಅಡ್ಡಾಡಿಸಿದವಳು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಅದೆಷ್ಟೋ ಪಡಸಾಲೆಗಳಲ್ಲಿ ನನ್ನ ಕೈಯ ಫೋಟೋಗಳು ಈಗಲೂ ತೂಗುತ್ತಿವೆ. ಮೊನ್ನೆ ಸಂಬಂಧಿಕರ ಮನೆಯಲ್ಲಿ ಒಬ್ಬರು ನಗುತ್ತಾ, "ಹಂಗಾರ ನೀವು ಜನಮಪೂರ್ತಿ ಸುಳ್ಳ ಮಾಡಿದ್ರಿ ಅಂದಂಗಾತು" ಅಂದರು. ನಾನು ನಗಲಿಲ್ಲ. ನಾಚಿಕೊಳ್ಳಲೂ ಇಲ್ಲ. ಆ ಫೋಟೋಗಳನ್ನು ಗೋಡೆಗೆ ಹಾಕಿಕೊಂಡವರಿಗೆ ಅವು ಕೂಡಿಸಿದವೆಂದು ಗೊತ್ತಿತ್ತು. ಅವರೇ ಬಂದು ಕೇಳಿ ಮಾಡಿಸಿಕೊಂಡಿದ್ದರು. ಅದರಲ್ಲಿ ಯಾರಿಗೂ ಮೋಸವಾಗಿಲ್ಲ.

ಚಿಕ್ಕೋಡಿಯ ನನ್ನ ಸ್ಟುಡಿಯೋ ಮುಚ್ಚಿದ ಮೇಲೆಯೂ ಈ ಕೆಲಸಕ್ಕೆ ಹೊಸದಾಗಿ ಬಂದವರು ಮನೆಗೆ ಬಂದು ಕೇಳುತ್ತಾರೆ: ಯಾವ ಸಾಫ್ಟ್‌ವೇರ್ ಚಲೋ, ಯಾವ ಗುಂಡಿ ಒತ್ತಿದರೆ ನೆರಳು ಬರುತ್ತದೆ. ಗುಂಡಿಗಳು ನನಗೂ ಗೊತ್ತು. ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಕೇಳುವ ತಾಳ್ಮೆ ಇದ್ದವರು ಕೇಳಲಿ.

ನನ್ನ ಹೆಸರು ಅಕ್ಕಾತಾಯಿ. ನಮ್ಮ ಮೂಲ ಶೇಡಬಾಳ. ಅಪ್ಪ ನಿಪ್ಪಾಣಿಯ ತಂಬಾಕು ತುಂಬಿಡುವ ವಖಾರಿಯೊಂದರಲ್ಲಿ ಕಾರಕೂನನಾಗಿದ್ದರಿಂದ ನಾನು ಬೆಳೆದದ್ದು ನಿಪ್ಪಾಣಿಯಲ್ಲಿ. ಮೆಟ್ರಿಕ್ ಮುಗಿಸಿ ಮನೆಯಲ್ಲಿ ಕೂತಿದ್ದಾಗ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಪೇಟೆಯ ಬಾಳಾಸಾಹೇಬರ ಸ್ಟುಡಿಯೋಕ್ಕೆ ಟಚಿಂಗ್ ಮಾಡುವವರು ಬೇಕಾಗಿದ್ದಾರೆಂದು ತಿಳಿಯಿತು. ಟಚಿಂಗ್ ಅಂದರೆ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ಲಿನಿಂದ ಮುಖದ ಕಲೆ, ಸುಕ್ಕು ಮುಚ್ಚುವುದು. ನನಗೆ ಚಿತ್ರ ಬರೆಯುವ ಕೈ ಇತ್ತು. ನಾನೇ ಹೋಗಿ ಕೇಳಿದೆ.

ಬಾಳಾಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. "ಡಾರ್ಕ್‌ರೂಮಿನ ಕೆಲಸಾನೂ ಇರತೈತಿ. ಹೆಣ್ಮಕ್ಕಳು ಕತ್ತಲಾಗ ಕೆಲಸ ಮಾಡಿದ್ರ ಊರ ಏನ್ ಅಂದೀತು?"

"ಬಾಗಲಾ ತಗದ್ರ ಫಿಲ್ಮ್ ಸುಡತೈತಿ, ಮುಚ್ಚಿದ್ರ ಊರ ಸುಡತೈತಿ. ನಿಮಗ ಯಾವ್ದು ನಡೀತೈತಿ ಹೇಳ್ರಿ" ಅಂದೆ.

ಅವರು ನಕ್ಕರು. "ಒಳಗಿನಿಂದ ಚಿಲಕ ಹಾಕ್ಕೊ. ನೀ ಇದ್ದಾಗ ಬ್ಯಾರೆ ಯಾರೂ ಒಳಗ ಬರಾಂಗಿಲ್ಲ, ನಾನೂ." ಆ ಮಾತನ್ನು ಅವರು ಕೊನೆಯವರೆಗೂ ಉಳಿಸಿಕೊಂಡರು. ನಮ್ಮ ಕಾಕಾ ಮಾತ್ರ ಮನೆಗೆ ಬಂದು ಕೂಗಾಡಿದರು. ಮರ್ಯಾದೆ, ಮನೆತನ, ಮದುವೆ ಎಲ್ಲವೂ ಅವರ ಬಾಯಿಂದ ಬಂತು. ನಾನು ಮರುದಿನ ಎಂದಿನ ಹೊತ್ತಿಗೇ ಕೆಲಸಕ್ಕೆ ಹೋದೆ.

ಬಾಳಾಸಾಹೇಬರು ಸಿಟ್ಟಿನ ಮನುಷ್ಯ. ಮರಾಠಿಯಲ್ಲಿ ಬೈಯುತ್ತಿದ್ದರು, ಕನ್ನಡದಲ್ಲಿ ಕಲಿಸುತ್ತಿದ್ದರು. ಗಿರಾಕಿಯ ಮುಂದೆ ಕೆಲಸದವರನ್ನು ಅವಮಾನಿಸುವ ಕೆಟ್ಟ ಚಾಳಿ ಅವರಿಗಿತ್ತು. ಆದರೆ ಬೆಳಕಿನ ವಿಷಯದಲ್ಲಿ ಅವರ ಕಣ್ಣಿಗೆ ಸಮವಾದ ಕಣ್ಣನ್ನು ನಾನು ಆಮೇಲೆ ಕಾಣಲಿಲ್ಲ. ಮೊದಲ ವಾರ ಅವರು ನನಗೆ ಪೆನ್ಸಿಲ್ ಕೊಡಲೇ ಇಲ್ಲ. ಹಳೆಯ ಫೋಟೋಗಳ ಕಟ್ಟು ಕೊಟ್ಟು, "ಮಾರಿ ನೋಡಬ್ಯಾಡ. ಮೂಗಿನ ಬುಡದಾಗ ನೆರಳ ಎಲ್ಲಿ ಬಿದ್ದೈತಿ ನೋಡು. ಆಮ್ಯಾಲ ಗದ್ದದ ಕೆಳಗ ನೋಡು. ಲೈಟ್ ಎಲ್ಲಿತ್ತು ಹೇಳು" ಅನ್ನುತ್ತಿದ್ದರು. ತಪ್ಪಿದರೆ ಬೈಗುಳ. ಸರಿಯಾದರೆ ಮುಂದಿನ ಫೋಟೋ. ಶಾಭಾಸ್ ಅನ್ನುವ ಮಾತು ಅವರ ನಾಲಿಗೆಯಲ್ಲಿ ಇರಲೇ ಇಲ್ಲ.

ಆಗ ಜೋಡು ಫೋಟೋ ಮಾಡುವುದು ಕತ್ತರಿ, ಅಂಟಿನ ಕೆಲಸ. ಎರಡು ಫೋಟೋಗಳನ್ನು ಒಂದೇ ಅಳತೆಗೆ ತೊಳೆದು, ಅಂದರೆ ಪ್ರಿಂಟ್ ಹಾಕಿ, ಬೇಕಾದವರನ್ನು ಬ್ಲೇಡಿನಿಂದ ಅಂಚು ಹಿಡಿದು ಕತ್ತರಿಸಿ, ಕಾಗದದ ಬೆನ್ನನ್ನು ಪಾಲಿಶ್ ಕಾಗದದಿಂದ ತಿಕ್ಕಿ ತೆಳ್ಳಗೆ ಮಾಡಿ ಅಂಟಿಸುತ್ತಿದ್ದೆವು. ಅಂಚನ್ನು ಬಣ್ಣದಿಂದ ಮುಚ್ಚಿ, ಇಡೀ ಚಿತ್ರವನ್ನು ಮತ್ತೆ ಕ್ಯಾಮೆರಾದಿಂದ ತೆಗೆಯುತ್ತಿದ್ದೆವು. ಅಂಚು ಕಾಣದಿದ್ದರೆ ಕೆಲಸ ಮುಗಿಯಿತೆಂದು ನಾನು ತಿಳಿದಿದ್ದೆ. ಅದು ಹಾಗಲ್ಲವೆಂದು ಗೊತ್ತಾಗಿದ್ದು ಚಿಂಚಲಿಯ ಗಂಗವ್ವನಿಂದ.

ಗಂಗವ್ವ ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದ ಮಧ್ಯವಯಸ್ಸಿನ ಹೆಂಗಸು. ಗಂಡ ತೀರಿಕೊಂಡಿದ್ದ. ಅವನ ಒಂದೇ ಒಂದು ಫೋಟೋ ಇತ್ತು: ದನದ ಪೇಟೆಯಲ್ಲಿ ಯಾರೋ ತೆಗೆದದ್ದು, ಸುಡು ಬಿಸಿಲಲ್ಲಿ, ರುಮಾಲಿನ ನೆರಳು ಹುಬ್ಬಿನ ತನಕ ಬಿದ್ದದ್ದು. ಗಂಡನ ಜೊತೆ ತಾನು ನಿಂತ ಹಾಗೆ ಮಾಡಿಕೊಡಿ ಎಂದಳು. ಅವಳನ್ನು ಸ್ಟುಡಿಯೋದಲ್ಲಿ ನಿಲ್ಲಿಸಿ, ಚೆಂದವಾಗಿ ಲೈಟ್ ಹಾಕಿ ಫೋಟೋ ತೆಗೆದು ಕೂಡಿಸಿದೆವು. ಅಂಚು ಕೂದಲೆಳೆಯಷ್ಟೂ ಕಾಣುತ್ತಿರಲಿಲ್ಲ. ಗಂಗವ್ವ ಬಹಳ ಹೊತ್ತು ನೋಡಿದಳು.

"ಯಾಕವ್ವಾ, ಏನಾತು?" ಎಂದು ಬಾಳಾಸಾಹೇಬರು ಕೇಳಿದರು.

"ಚಲೋ ಐತ್ರಿ. ಆದ್ರ ಇಂವಾ ನನ್ನ ಗಂಡ ಅನಸವಲ್ದರಿ. ಯಾರೋ ಹಾದ್ಯಾಗ ಹೋಗಾವ ಬಂದು ಬಾಜೂಕ ನಿಂತಂಗ ಆಗೈತಿ."

ಬಾಳಾಸಾಹೇಬರಿಗೆ ಸಿಟ್ಟು ಬಂತು. ನಾನು ಫೋಟೋ ಹಿಡಿದು ಕಿಟಕಿಯ ಬಳಿ ಹೋದೆ. ಗಂಡನ ಮೂಗಿನ ನೆರಳು ಎಡಕ್ಕೆ ಬಿದ್ದಿತ್ತು, ಹೆಂಡತಿಯದು ಬಲಕ್ಕೆ. ಅವನದು ಚಾಕುವಿನಲ್ಲಿ ಕೊಯ್ದಂಥ ನೆರಳು, ಅವಳದು ಹತ್ತಿಯಂಥದು. ಒಬ್ಬರು ಬಯಲಲ್ಲಿ, ಒಬ್ಬರು ಕೋಣೆಯಲ್ಲಿ. ಅವನ ಫೋಟೋದಿಂದ ನಾವು ತೆಗೆದ ನೆಗೆಟಿವ್ ಮಗುಚಿ ತೊಳೆದರೆ ನೆರಳು ಒಂದೇ ಕಡೆ ಬರುತ್ತದೆ ಎಂದು ಬಾಳಾಸಾಹೇಬರು ಅಂದರು. ಹಾಗೇ ಮಾಡಿ ತೋರಿಸಿದೆವು. ಗಂಗವ್ವ ಒಮ್ಮೆಲೇ ತಲೆ ಅಲ್ಲಾಡಿಸಿದಳು. "ನಮ್ಮವರದು ಬಲಗಣ್ಣ ಸಣ್ಣದರಿ. ನೀವು ಎಡಗಣ್ಣ ಮಾಡೀರಿ."

ಉಳಿದದ್ದು ಒಂದೇ ದಾರಿ. ಗಂಡನ ಬೆಳಕು ಬದಲಾಗುವುದಿಲ್ಲ, ಹೆಂಡತಿಯ ಬೆಳಕನ್ನು ಅವನ ಬಳಿಗೆ ಒಯ್ಯಬೇಕು. ಗಂಗವ್ವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಿಸಿಲಲ್ಲಿ ನಿಲ್ಲಿಸಿದೆ. ಸೂರ್ಯ ಅವಳ ಗಂಡನ ಫೋಟೋದಲ್ಲಿ ಇದ್ದಷ್ಟೇ ಎತ್ತರಕ್ಕೆ ಬರುವ ತನಕ ಕಾದೆವು. ಅವಳಿಗೆ ಕಣ್ಣು ಬಿಡಲಾಗಲಿಲ್ಲ, ಮುಖ ಗಂಟಿಕ್ಕಿತು. "ಕೆಟ್ಟ ಬರತೈತಿ, ಒಳಗ ಕರಕೊಂಡ ಬಾ" ಎಂದು ಬಾಳಾಸಾಹೇಬರು ಕೂಗಿದರು. ನಾನು ಕೇಳಲಿಲ್ಲ, ಶಟರ್ ಒತ್ತಿದೆ. ಕೂಡಿಸಿದ ಫೋಟೋದಲ್ಲಿ ಇಬ್ಬರೂ ಒಂದೇ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ನಕ್ಕು, "ಪ್ಯಾಟ್ಯಾಗ ಎಮ್ಮಿ ಕೊಳ್ಳಾಕ ಇಬ್ಬರೂ ಹೋದಂಗ ಆಗೈತಿ" ಅಂದಳು.

ಹೊಸಬರೇ, ಇದನ್ನು ತಿಳಿದುಕೊಳ್ಳಿ. ನೋಡುವವರಿಗೆ ತಪ್ಪು ಎಲ್ಲಿದೆಯೆಂದು ಹೇಳಲು ಬರುವುದಿಲ್ಲ, ಆದರೆ ತಪ್ಪಿದೆಯೆಂದು ತಿಳಿಯುತ್ತದೆ. "ಯಾಕೋ ಸರಿ ಅನಸವಲ್ದು" ಎಂದು ಗಿರಾಕಿ ಅಂದಾಗ ಅವರ ಮೇಲೆ ರೇಗಬೇಡಿ. ಬೆಳಕನ್ನು ನೋಡಿ.

ನೆಲದ ನೆರಳಿನ ಕತೆಯೂ ಒಂದಿದೆ. ಅಥಣಿ ಕಡೆಯ ಒಂದು ತಾಲೀಮಿನ, ಅಂದರೆ ಗರಡಿಮನೆಯ, ಪೈಲವಾನರ ಗುಂಪು ಫೋಟೋಕ್ಕೆ, ಆ ದಿನ ಬಾರದ ಒಬ್ಬ ದೊಡ್ಡ ಪೈಲವಾನನನ್ನು ಸೇರಿಸಬೇಕಿತ್ತು. ಅವಸರದ ಕೆಲಸವೆಂದು ಬಾಳಾಸಾಹೇಬರು ತಾವೇ ಮಾಡಿದರು. ಮುಖದ ಬೆಳಕು ಸರಿಯಾಗಿತ್ತು, ಮೈಯ ಬೆಳಕು ಸರಿಯಾಗಿತ್ತು. ಪಾದದ ಕೆಳಗೆ ನೆರಳು ಹಾಕುವುದನ್ನು ಮರೆತರು. ಉಳಿದವರೆಲ್ಲ ಮಣ್ಣಿನ ಮೇಲೆ ಗಟ್ಟಿಯಾಗಿ ನಿಂತಿದ್ದರೆ ಆ ಆನೆಯಂಥ ಮನುಷ್ಯ ನೆಲಕ್ಕೆ ಹತ್ತದೆ ಗಾಳಿಯಲ್ಲಿ ತೇಲುತ್ತಿದ್ದ. ಫೋಟೋಕ್ಕೆ ಆಗಲೇ ಚೌಕಟ್ಟು ಹಾಕಿ ತಾಲೀಮಿನ ಗೋಡೆಗೆ ಹೊಡೆದಾಗಿತ್ತು. ಹುಡುಗರು ಅವನನ್ನು "ಹನಮಪ್ಪ ಹಾರಾಕತ್ತಾನ" ಎಂದು ಚೇಷ್ಟೆ ಮಾಡತೊಡಗಿದರಂತೆ. ಪೈಲವಾನ ಚೌಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಪ್ಪಾಣಿಗೇ ಬಂದ. ಬಾಳಾಸಾಹೇಬರು ಹಿಂದಿನ ಕೋಣೆಗೆ ಹೋಗಿ ಕೂತರು, ಮಾತಾಡಲು ನನ್ನನ್ನು ಬಿಟ್ಟರು. "ಕೂಡ್ರಿ ಪೈಲವಾನರ, ನಿಮ್ಮನ್ನ ಭೂಮಿಗೆ ಇಳಸತೇನಿ" ಎಂದು ಹೇಳಿ, ಅವನ ಎದುರಿಗೇ ಕುಂಚ ಹಿಡಿದು ಪಾದದ ನೆರಳು ಬರೆದುಕೊಟ್ಟೆ. ಹಿಮ್ಮಡಿಯ ಹತ್ತಿರ ಕಪ್ಪಾಗಿ, ದೂರ ಹೋದಂತೆ ತೆಳ್ಳಗೆ. ಇಂದಿಗೂ ಕಂಪ್ಯೂಟರಿನಲ್ಲಿ ಮಾಡುವವರು ಇದೇ ತಪ್ಪು ಮಾಡುತ್ತಾರೆ. ಇಡೀ ನೆರಳನ್ನು ಒಂದೇ ಹದಕ್ಕೆ ಮಸುಕು ಮಾಡಿ ಕೈ ತೊಳೆದುಕೊಳ್ಳುತ್ತಾರೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಬಾಳಾಸಾಹೇಬರು ಕಂಪ್ಯೂಟರ್ ತಂದರು. ಅದನ್ನು ಕಲಿಸಲು ಬಂದವನು ರಿಯಾಜ್. ಚಿಕ್ಕೋಡಿಯವನು, ಕೊಲ್ಹಾಪುರದಲ್ಲಿ ಕಲಿತು ಬಂದು ಚಿಕ್ಕೋಡಿಯಲ್ಲಿ ಸಣ್ಣ ಡಿಟಿಪಿ ಅಂಗಡಿ ಇಟ್ಟಿದ್ದ. ನನಗೆ ಆಗ ಮೂವತ್ತು ದಾಟಿತ್ತು. "ಈ ವಯಸ್ಸಿನಾಗ ಮೌಸ್ ಹಿಡಿಯಾಕಿ" ಎಂದು ಬಾಳಾಸಾಹೇಬರು ಗಿರಾಕಿಗಳ ಮುಂದೆ ನಕ್ಕರು. ನಾನು ರಿಯಾಜ್‌ನ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಒಂದರ ಮೇಲೊಂದು ಪದರ ಹಾಕುವುದನ್ನು, ಕೆಳಗಿನ ನೆಲದ ಗೆರೆ ಕಾಣುವ ಹಾಗೆ ನೆರಳಿನ ಪದರವನ್ನು ಬೆರೆಸುವುದನ್ನು ಅವನು ತೋರಿಸಿದ. ನಾನು ಅವನಿಗೆ ಬಿಸಿಲಿನ ನೆರಳು ಬರಿಯ ಕಪ್ಪಲ್ಲ, ಅದರಲ್ಲಿ ಆಕಾಶದ ನೀಲಿ ಇರುತ್ತದೆ ಎಂದು ತೋರಿಸಿದೆ. ಕೆಂಪು ಸೀರೆ ಉಟ್ಟವಳ ಗದ್ದದ ಕೆಳಗೆ ಆ ಕೆಂಪು ಹತ್ತುತ್ತದೆ. ಕಣ್ಣ ಪಾಪೆಯಲ್ಲಿ ಒಂದು ಬಿಳಿ ಚುಕ್ಕೆ ಇರುತ್ತದೆ, ಅದು ಆ ಹೊತ್ತಿನ ಕಿಟಕಿ ಅಥವಾ ಸೂರ್ಯ. ಇಬ್ಬರ ಕಣ್ಣಲ್ಲಿ ಎರಡು ಬೇರೆ ಬೇರೆ ಕಿಟಕಿ ಇರಬಾರದು. ಬ್ಲೇಡು ಹಿಡಿದ ಕಾಲದಲ್ಲಿ ಇಷ್ಟೆಲ್ಲ ತಿದ್ದಲು ಆಗುತ್ತಿರಲಿಲ್ಲ. ಈಗ ಆಗುತ್ತಿತ್ತು. ನನಗೆ ಹುಚ್ಚು ಹಿಡಿದಂತಾಯಿತು. ಕೂಡಿಸಿದ್ದೆಂದು ಬಾಳಾಸಾಹೇಬರೇ ಗುರುತಿಸಲಾರದಂಥ ಫೋಟೋ ಮಾಡತೊಡಗಿದೆ. ಸುತ್ತಲಿನ ತಾಲೂಕುಗಳಲ್ಲಿ ಹೆಸರಾಯಿತು.

ಆ ಹೆಸರು ಕೇಳಿಯೇ ರಾವಸಾಹೇಬರು ಬಂದರು. ಅವರದು ಕಾಗವಾಡ ಕಡೆಯ ಒಂದು ಹಳ್ಳಿ. ಕಬ್ಬಿನ ದೊಡ್ಡ ಜಮೀನು, ಸಹಕಾರಿ ಸೊಸೈಟಿಯ ರಾಜಕಾರಣ, ಜೀಪು. ಅವರು ಮೇಜಿನ ಮೇಲೆ ಎರಡು ಫೋಟೋ ಇಟ್ಟರು. ಒಂದು ಯಾರೋ ಗಂಡಸಿನದು. ಇನ್ನೊಂದನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು, ಯಾಕೆಂದರೆ ಅದರ ಬೆಳಕು ನನ್ನದು. ಎಡಕ್ಕೆ ನಮ್ಮ ಸ್ಟುಡಿಯೋದ ಕಿಟಕಿ, ಬಲಕ್ಕೆ ಬೆಳಕು ಮರಳಿಸಲು ನಾನು ಹಿಡಿಸಿದ ಬಿಳಿ ಚಾದರ. ಅದು ವಿಮಲಾಳ ಫೋಟೋ. ರಾವಸಾಹೇಬರ ತೀರಿಹೋದ ತಮ್ಮನ ಹೆಂಡತಿ. ಊರ ಬಾಲವಾಡಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ನನ್ನ ಬಳಿಯೇ ತೆಗೆಸಿದ್ದಳು.

"ಇಬ್ಬರನ್ನೂ ಒಂದ ಕಾಟಿನ ಮ್ಯಾಲ ಕೂಡಸು. ಬಗಲಾಗ ಬಗಲ ಹತ್ತಿರಬೇಕು" ಎಂದರು ರಾವಸಾಹೇಬರು.

"ಇದು ಯಾತಕ್ಕ ಬೇಕ್ರಿ?"

"ಅದನ್ನ ಕೇಳಾಕ ನೀ ಯಾರ?"

"ಮಾಡಾಕಿ ನಾನರಿ. ಅದಕ್ಕ ಕೇಳಿದೆ."

ಅವರು ಬಾಳಾಸಾಹೇಬರ ಕಡೆ ತಿರುಗಿದರು. ಬಾಳಾಸಾಹೇಬರು ನನ್ನನ್ನು ಬದಿಗೆ ಕರೆದು ವಿಷಯ ಹೇಳಿದರು. ವಿಮಲಾ ಗಂಡನ ಪಾಲಿನ ಹೊಲ ಕೇಳಿದ್ದಾಳೆ. ಊರ ಹಿರಿಯರು ಕೂತು ತೀರ್ಮಾನ ಮಾಡುವವರಿದ್ದಾರೆ. ನಡತೆ ಸರಿಯಿಲ್ಲವೆಂದು ತೋರಿಸಿದರೆ ಪಾಲೂ ಹೋಗುತ್ತದೆ, ಬಾಲವಾಡಿಯ ಕೆಲಸವೂ ಹೋಗುತ್ತದೆ.

"ಮಾಡಿಕೊಟ್ಟು ಬಿಡು ಅಕ್ಕಾತಾಯಿ. ಅವರ ಕೈಯಾಗ ಸೊಸೈಟಿ ಕ್ಯಾಲೆಂಡರ್ ಐತಿ, ಇಲೆಕ್ಷನ್ ಪೋಸ್ಟರ್ ಐತಿ, ಎಲ್ಲಾ ಐತಿ."

"ವಿಮಲಾಬಾಯಿ ಕೈಯಾಗ ಏನೈತ್ರಿ?"

"ನೀ ಮಾಡಲಿಲ್ಲಂದ್ರ ಮತ್ತೊಬ್ಬ ಮಾಡತಾನ" ಅಂದರು.

"ಮಾಡ್ಲಿ. ಅದರಾಗ ನನ್ನ ಬೆಳಕ ಇರಾಂಗಿಲ್ಲ."

"ಹಂಗಾರ ನಾಳಿಂದ ಬರಬ್ಯಾಡ."

"ನಾಳೆ ಯಾಕ್ರಿ, ಇವತ್ತ ಹೊಂಟೆ."

ನನ್ನ ಕುಂಚ, ನನ್ನ ಬ್ಲೇಡು ತೆಗೆದುಕೊಂಡೆ. ಕಪಾಟು ತೆರೆದು ವಿಮಲಾಳ ನೆಗೆಟಿವ್ ಹುಡುಕಿ, ಇಬ್ಬರ ಎದುರಿಗೇ ಚೀಲದಲ್ಲಿ ಹಾಕಿಕೊಂಡೆ. ಅದು ಸ್ಟುಡಿಯೋದ ಸೊತ್ತು, ಬೇಕಾದರೆ ಕಳವು ಅನ್ನಿ. ಹದಿನೈದು ವರ್ಷಕ್ಕೂ ಮಿಕ್ಕಿ ದುಡಿದ ಜಾಗವನ್ನು ಹಾಗೆ ಬಿಟ್ಟೆ. ಮನೆಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಕಾಗವಾಡದ ಬಸ್ ಹತ್ತಿದೆ.

ವಿಮಲಾ ಬಾಲವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಅವಳು ಸೌಟು ಕೆಳಗಿಡದೆ ಕೇಳಿದಳು. ಕೊನೆಗೆ, "ನನಗ ಹೇಳಾಕ ಇಷ್ಟ ದೂರ ಬಂದ್ರಿ ಅಕ್ಕಾರ. ನಾಳೆ ಊರಿಗೆ ಹೇಳಾಕ ಬರತೀರೇನ?" ಎಂದಳು.

"ಬರತೇನಿ" ಅಂದೆ.

ಆ ಫೋಟೋ ಬೇರೆ ಎಲ್ಲಿಯೋ ತಯಾರಾಗಿ ಬಂದೇ ಬಂತು. ಆಗ ನಾನು ಚಿಕ್ಕೋಡಿಯಲ್ಲಿ ರಿಯಾಜ್‌ನ ಅಂಗಡಿಯ ಒಂದು ಮೂಲೆಯಲ್ಲಿ ಕೂತು ಸಣ್ಣಪುಟ್ಟ ಕೆಲಸ ಮಾಡುತ್ತಿದ್ದೆ. ವಿಮಲಾ ಅದರ ಒಂದು ಪ್ರತಿ ತಂದು ನನ್ನ ಮುಂದೆ ಇಟ್ಟಳು. ಕೆಟ್ಟ ಕೆಲಸ. ಗಂಡಸಿನ ಮೇಲೆ ನೇರವಾಗಿ ಫ್ಲಾಶ್ ಬಿದ್ದು ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಮೂಡಿತ್ತು. ಅವನಿಗೆ ಅಂಟಿಕೊಂಡೇ ಕೂತ ವಿಮಲಾಳಿಗೆ ಗೋಡೆಯ ಮೇಲೆ ನೆರಳೇ ಇಲ್ಲ. ಅವಳ ಮುಖದ ಮೇಲೆ ಇನ್ನೂ ನಮ್ಮ ಕಿಟಕಿಯ ಬೆಳಕು ಇತ್ತು.

ಹಿರಿಯರಲ್ಲಿ ಎಲ್ಲರೂ ಯಾರ ಮಾತು ಕೇಳುತ್ತಿದ್ದರೋ ಅವರು ಅಪ್ಪಣ್ಣ ಮಾಸ್ತರರು, ಆ ಊರಿನ ನಿವೃತ್ತ ಹೆಡ್‌ಮಾಸ್ತರರು. ಅವರ ಮನೆಗೆ ಹೋಗಿ ಬೆರಳಿಟ್ಟು ಒಂದೊಂದೇ ತೋರಿಸಿದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಫೋಟೋವನ್ನು ನನ್ನ ಕೈಗೆ ವಾಪಸು ಕೊಟ್ಟರು.

"ನೀ ಹೇಳಿದ ಮ್ಯಾಲ ನನಗ ಕಾಣತೈತಿ ತಂಗಿ. ಆದ್ರ ಊರ ಮಂದಿ ನೆರಳ ನೋಡಾಂಗಿಲ್ಲ, ಹೆಂಗಸ ನೋಡತಾರ. ಅವರ ತಲ್ಯಾಗ ಒಂದ ಮಾತ ಕುಂತೈತಿ: ಫೋಟೋ ಐತಿ ಅಂದ್ರ ಖರೇ ಐತಿ. ಆ ಮಾತ ಕಿತ್ತ ಹಾಕೂದು ಹೆಂಗ?"

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಚಿಕ್ಕೋಡಿಗೆ ಮರಳಿದೆ. ಬಸ್ಸಿನಲ್ಲಿಯೇ ಉತ್ತರ ಹೊಳೆಯಿತು. ರಿಯಾಜ್‌ಗೆ ಹೇಳಿದಾಗ ಅವನು ಎದ್ದು ಅಂಗಡಿಯ ಬಾಗಿಲು ಮುಂದೆ ಮಾಡಿದ.

"ಅಕ್ಕಾ, ರಾವಸಾಹೇಬರಿಗೆ ಗೊತ್ತಾದ್ರ ಈ ಅಂಗಡಿ ಖಾಲಿ ಮಾಡಸತಾರ."

"ಕಂಪ್ಯೂಟರ್ ಚಾಲೂ ಮಾಡಿ ನೀ ಚಹಾ ಕುಡಿಯಾಕ ಹೋಗು. ನೀ ಏನೂ ನೋಡಿಲ್ಲ."

ಅವನು ಕುರ್ಚಿ ಎಳೆದುಕೊಂಡು ಕೂತ. "ಚಹಾ ಇಲ್ಲೇ ತರಸತೇನಿ" ಅಂದ.

ಸೊಸೈಟಿಯ ರಾಜಕಾರಣದಲ್ಲಿ ರಾವಸಾಹೇಬರಿಗೆ ಎದುರು ಪಾರ್ಟಿಯ ಮುಖಂಡರೊಬ್ಬರಿದ್ದರು. ಇಬ್ಬರಿಗೂ ಎಷ್ಟೋ ವರ್ಷಗಳಿಂದ ಮಾತಿರಲಿಲ್ಲ. ಒಬ್ಬರು ಬರುವ ಮದುವೆಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ. ಆ ಮುಖಂಡರು ಒಂದು ಮದುವೆಯ ಪೆಂಡಾಲಿನಲ್ಲಿ ತಮ್ಮ ಬೀಗರ ಹೆಗಲ ಮೇಲೆ ಕೈ ಹಾಕಿ ನಗುತ್ತಾ ನಿಂತ ಫೋಟೋ ನನಗೆ ಸಿಕ್ಕಿತು. ಶಾಲೆಯ ಕಾರ್ಯಕ್ರಮವೊಂದರಲ್ಲಿ ವರಾಂಡದಲ್ಲಿ ನಗುತ್ತಾ ನಿಂತ ರಾವಸಾಹೇಬರ ಫೋಟೋವೂ ಸಿಕ್ಕಿತು, ಅದನ್ನು ತೆಗೆದವಳು ನಾನೇ. ಬೀಗರ ಜಾಗದಲ್ಲಿ ರಾವಸಾಹೇಬರನ್ನು ನಿಲ್ಲಿಸಬೇಕಿತ್ತು.

ನನ್ನ ಜೀವಮಾನದಲ್ಲೇ ಅಷ್ಟು ಕಠಿಣವಾದ ಬೆಳಕನ್ನು ನಾನು ಕೂಡಿಸಿಲ್ಲ. ಪೆಂಡಾಲಿಗೆ ಕೆಂಪು ಬಟ್ಟೆ ಹಾಕಿದ್ದರು. ಅದರೊಳಗಿಂದ ಇಳಿದ ಬಿಸಿಲು ಎಲ್ಲರ ಮುಖಕ್ಕೂ, ಬಿಳಿ ಅಂಗಿಗಳಿಗೂ ಕೆಂಪು ಸವರಿತ್ತು. ರಾವಸಾಹೇಬರು ವರಾಂಡದ ತಣ್ಣನೆಯ, ಒಂದು ಬದಿಯ ಬೆಳಕಿನಲ್ಲಿದ್ದರು. ಮೊದಲು ಅವರ ಬೆಳಗಿದ ಕೆನ್ನೆಯನ್ನು ಇಳಿಸಿದೆ, ನೆರಳಿನ ಕೆನ್ನೆಯನ್ನು ಏರಿಸಿದೆ. ಪೆಂಡಾಲಿನ ಬೆಳಕು ಮೇಲಿನಿಂದ ಬರುವುದರಿಂದ ಕಣ್ಣಿನ ಕುಳಿ, ಮೂಗಿನ ಕೆಳಗು, ಗದ್ದದ ಕೆಳಗನ್ನು ಮೆತ್ತಗೆ ಕಪ್ಪು ಮಾಡಿದೆ. ಟೋಪಿಯ ನೆರಳನ್ನು ಹಣೆಯ ಮೇಲೆ ಹೊಸದಾಗಿ ಬರೆದೆ. ಕೆಂಪನ್ನು ಹಣೆಗೆ, ಹೆಗಲಿಗೆ ಹೆಚ್ಚು, ಹೊಟ್ಟೆಯ ಕಡೆ ಕಡಿಮೆ ಹಚ್ಚಿದೆ. ಹೆಗಲ ಮೇಲಿನ ಬೆರಳುಗಳ ಕೆಳಗೆ ಕೂದಲೆಳೆಯಂಥ ಕಪ್ಪು ಗೆರೆ, ಅಂಗಿ ಒತ್ತಿದ ಕಡೆ ಸುಕ್ಕು. ಎಲ್ಲವೂ ಮುಗಿದ ಮೇಲೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಊಟದ ಹೊತ್ತು ದಾಟಿದ ಮೇಲೆ ರಿಯಾಜ್‌ನೇ ಅದನ್ನು ಕಂಡುಹಿಡಿದ. "ಅಕ್ಕಾ, ಚಸ್ಮಾ ನೋಡ್ರಿ." ರಾವಸಾಹೇಬರ ಕನ್ನಡಕದ ಗಾಜಿನಲ್ಲಿ ಶಾಲೆಯ ವರಾಂಡದ ಕಂಬಗಳು ಸಣ್ಣಗೆ ಹೊಳೆಯುತ್ತಿದ್ದವು. ಅವನ್ನು ಅಳಿಸಿ ಪೆಂಡಾಲಿನ ಕೆಂಪು ಹೊಳಪು ಇಟ್ಟೆ. ಹಾಳೆಯ ಮೇಲೆ ಮುದ್ರಿಸಿ, ಅದನ್ನು ಮತ್ತೆ ಫಿಲ್ಮಿನ ಕ್ಯಾಮೆರಾದಿಂದ ತೆಗೆದು, ಕಲರ್ ಲ್ಯಾಬಿನಲ್ಲಿ ತೊಳೆಸಿದೆ. ಯಾರ ಮನೆಯ ಆಲ್ಬಮ್ಮಿನಲ್ಲಾದರೂ ಸೇರಿಹೋಗುವಂಥ ಫೋಟೋ ಆಯಿತು.

ಹಿರಿಯರು ಸೊಸೈಟಿಯ ಕಟ್ಟೆಯ ಮೇಲೆ ಬೆಳಗ್ಗೆಯೇ ಕೂತಿದ್ದರು. ವಿಮಲಾ ಕೆಳಗಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಅವಳ ಫೋಟೋ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು. ನೋಡಿದವರು ಅವಳ ಕಡೆಗೊಮ್ಮೆ ನೋಡಿ ಮುಖ ತಿರುಗಿಸುತ್ತಿದ್ದರು. ರಾವಸಾಹೇಬರು, "ಇನ್ನೇನ್ ಮಾತಾಡೂದೈತಿ? ಫೋಟೋನ ಮಾತಾಡತೈತಿ" ಅಂದರು.

ನಾನು ಎದ್ದೆ. "ನನ್ನ ಹತ್ತಿರಾನೂ ಒಂದ ಫೋಟೋ ಐತ್ರಿ. ಹಿರಿಯರು ನೋಡಬೇಕು."

"ಇಕಿ ಯಾರ, ಇಕಿಗೇನ ಕೆಲಸ ಇಲ್ಲಿ?" ಎಂದು ಯಾರೋ ಅಂದರು. ನಾನು ಆಗಲೇ ಅದನ್ನು ಅಪ್ಪಣ್ಣ ಮಾಸ್ತರರ ಕೈಗೆ ಕೊಟ್ಟಿದ್ದೆ. ಅವರಿಗೂ ನಾನು ಮೊದಲೇ ಏನೂ ಹೇಳಿರಲಿಲ್ಲ. ಅವರು ಫೋಟೋ ನೋಡಿದರು, ಕಣ್ಣು ಮೇಲೆತ್ತಿ ರಾವಸಾಹೇಬರನ್ನು ನೋಡಿದರು, ಪಕ್ಕದವರಿಗೆ ಕೊಟ್ಟರು. ಕಟ್ಟೆಯ ತುಂಬ ಗುಸುಗುಸು ಎದ್ದಿತು. ರಾವಸಾಹೇಬರ ಪಾರ್ಟಿಯವನೇ ಒಬ್ಬ ಎದ್ದು ನಿಂತ. "ಇದ್ಯಾವಾಗ ಒಂದಾದ್ರಿ ಸಾಹೇಬ್ರ? ನಾವು ನಿಮ್ಮ ಸಲುವಾಗಿ ಅವರ ಮಂದಿ ಕೂಡ ಬಡದಾಡತೇವಿ, ನೀವು ಪೆಂಡಾಲಿನಾಗ ಹೆಗಲ ಮ್ಯಾಲ ಕೈ ಹಾಕಿಸಿಕೊಂಡು ನಗತೀರಿ?"

ರಾವಸಾಹೇಬರು ಫೋಟೋ ಕಸಿದುಕೊಂಡರು. ನೋಡಿದರು. "ಯಾವ ಬದ್ಮಾಶ್ ತಗದಾನ ಇದನ್ನ?"

ಅವರು ಸುಳ್ಳು ಅನ್ನಲಿಲ್ಲ. ತೆಗೆದವನು ಯಾರು ಎಂದು ಕೇಳಿದರು. ಆ ಒಂದು ಗಳಿಗೆ ಅವರಿಗೇ ತಮ್ಮ ಮೇಲೆ ಸಂಶಯ ಬಂದಿತ್ತು. ನನ್ನ ಕೆಲಸಕ್ಕೆ ಅದಕ್ಕಿಂತ ದೊಡ್ಡ ಬಹುಮಾನ ಯಾರೂ ಕೊಟ್ಟಿಲ್ಲ.

"ಅಂದ್ರ ನೀವು ಅಲ್ಲಿ ನಿಂತಿದ್ದು ಖರೇನ?" ಎಂದು ಅಪ್ಪಣ್ಣ ಮಾಸ್ತರರು ಕೇಳಿದರು.

"ಇಲ್ಲ! ನಾ ಅಲ್ಲಿ ನಿಂತೇ ಇಲ್ಲ! ಆ ಪೆಂಡಾಲ್ ನಾ ಕಣ್ಣಲೆ ಕಂಡಿಲ್ಲ!"

"ಹೌದ್ರಿ" ಅಂದೆ. "ನೀವು ಅಲ್ಲಿ ನಿಂತಿಲ್ಲ. ವಿಮಲಾಬಾಯಿನೂ ಅಲ್ಲಿ ಕುಂತಿಲ್ಲ."

ನಾನು ಚೀಲದಿಂದ ಅಸಲು ಫೋಟೋಗಳನ್ನು ತೆಗೆದು ಕಟ್ಟೆಯ ಮೇಲೆ ಹರಡಿದೆ: ಬೀಗರ ಜೊತೆ ನಿಂತ ಮುಖಂಡರು, ವರಾಂಡದಲ್ಲಿ ನಿಂತ ರಾವಸಾಹೇಬರು, ನಮ್ಮ ಸ್ಟುಡಿಯೋದಲ್ಲಿ ಒಬ್ಬಳೇ ಕೂತ ವಿಮಲಾ. "ಎರಡೂ ಕೂಡಸಿ ಮಾಡಿದ್ದರಿ. ಅದನ್ನ ಬ್ಯಾರೆಯವರು ಮಾಡ್ಯಾರ, ಇದನ್ನ ನಾ ಮಾಡೇನಿ. ನಂದು ಚಲೋ ಆಗೈತಿ, ಅಷ್ಟ ಫರಕ." ಆಮೇಲೆ ರಾವಸಾಹೇಬರ ಕೈಯಿಂದ ನನ್ನ ಫೋಟೋ ಇಸಿದುಕೊಂಡು ಎಲ್ಲರೆದುರು ಹರಿದು ಹಾಕಿದೆ. ನೆಗೆಟಿವ್ವನ್ನೂ ಕತ್ತರಿಸಿದೆ.

ಅಪ್ಪಣ್ಣ ಮಾಸ್ತರರು ವಿಮಲಾಳ ಫೋಟೋವನ್ನು ರಾವಸಾಹೇಬರ ಮುಂದೆ ಹಿಡಿದರು. "ಇದನ್ನ ನೀವು ಹರೀತೀರೋ, ನಾವು ಹರಿಯೂಣೋ?" ಕೊನೆಗೆ ಅದನ್ನು ಹರಿದವಳು ವಿಮಲಾ. ಮೆಟ್ಟಿಲು ಹತ್ತಿ ಬಂದು, ಮಾಸ್ತರರ ಕೈಯಿಂದ ತೆಗೆದುಕೊಂಡು, ನಿಧಾನವಾಗಿ, ಸಣ್ಣ ಸಣ್ಣ ಚೂರು ಮಾಡಿದಳು.

ಅಲ್ಲಿಗೆ ಎಲ್ಲವೂ ಸುಖವಾಯಿತೆಂದು ತಿಳಿಯಬೇಡಿ. ಬಾಲವಾಡಿಯ ಕೆಲಸ ಉಳಿಯಿತು. ಹೊಲದ ಪಾಲಿಗೆ ವಿಮಲಾ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು, ಅದು ವರ್ಷಗಟ್ಟಲೆ ಎಳೆಯಿತು, ಆದರೆ ಅವಳು ಪಡೆದಳು. ರಿಯಾಜ್ ಹೆದರಿದಂತೆಯೇ ಅವನ ಅಂಗಡಿ ಖಾಲಿ ಮಾಡಿಸಿದರು. ಇಬ್ಬರೂ ಸೇರಿ ಚಿಕ್ಕೋಡಿಯಲ್ಲೇ ಬೇರೆ ಓಣಿಯಲ್ಲಿ ಜಾಗ ಹಿಡಿದೆವು, ಅವನು ಮುಂದಿನ ಕೋಣೆಯಲ್ಲಿ ಡಿಟಿಪಿ, ನಾನು ಹಿಂದಿನ ಕೋಣೆಯಲ್ಲಿ ಸ್ಟುಡಿಯೋ. ಕಾಗವಾಡ ಕಡೆಯ ಮದುವೆಯ ಕೆಲಸ ನನಗೆ ಬಹಳ ಕಾಲ ಸಿಗಲಿಲ್ಲ. ಬಾಳಾಸಾಹೇಬರು ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಆದರೆ ಗಿರಾಕಿಗಳ ಮುಂದೆ, "ಆ ಪೆಂಡಾಲಿನ ಫೋಟೋ ಮಾಡಿದಾಕಿಗೆ ಲೈಟ್ ಕಲಿಸಿದಾವ ನಾನು" ಎಂದು ಹೇಳಿಕೊಳ್ಳುತ್ತಿದ್ದರಂತೆ. ಹೇಳಿಕೊಳ್ಳಲಿ, ಅದು ನಿಜ.

ನೀನೂ ಒಂದು ಸುಳ್ಳು ಫೋಟೋ ಮಾಡಿದೆಯಲ್ಲ ಎಂದು ಅಂದವರೂ ಇದ್ದಾರೆ. ಮಾಡಿದೆ. ಇನ್ನೊಮ್ಮೆ ಅಂಥ ಹೊತ್ತು ಬಂದರೆ ಇನ್ನೊಮ್ಮೆ ಮಾಡುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನನ್ನ ಮಾತು ಇಷ್ಟೇ: ಬೆಳಕು ಕೂಡಿಸಲು ಚೆನ್ನಾಗಿ ಕಲಿಯಿರಿ. ಅರೆಬರೆ ಕಲಿತವರ ಕೈಯಲ್ಲಿ ಗಂಗವ್ವನಂಥವರಿಗೆ ಸಮಾಧಾನವಿಲ್ಲ. ಮತ್ತು ನಿಮ್ಮ ಮೇಜಿನ ಮೇಲೆ ಎರಡು ಫೋಟೋ ಇಟ್ಟವರನ್ನು ಯಾತಕ್ಕೆ ಬೇಕು ಎಂದು ಕೇಳಿ. ನೀನು ಯಾರು ಕೇಳಲು ಅಂದರೆ ಎದ್ದು ಹೋಗಿ. ಕೆಲಸ ಮತ್ತೆ ಸಿಗುತ್ತದೆ. ನನಗೆ ಸಿಕ್ಕಿತು.

ನಮ್ಮ ಸ್ಟುಡಿಯೋ ಶುರುವಾದ ಹೊಸದರಲ್ಲಿ ವಿಮಲಾ ಬಂದಳು. ಕೈಯಲ್ಲಿ ಕೋರ್ಟಿನ ಕಾಗದಪತ್ರದ ಚೀಲ, ನಿದ್ದೆಗೆಟ್ಟು ಕಣ್ಣಿನ ಕೆಳಗೆ ಕಪ್ಪು, ಬಿಸಿಲಿಗೆ ತುಟಿ ಒಡೆದಿತ್ತು. "ಒಂದ ಫೋಟೋ ತಗೀರಿ ಅಕ್ಕಾರ. ನಾ ಒಬ್ಬಾಕಿದ. ಬಾಜೂಕ ಯಾರನ್ನೂ ಕೂಡಸಬ್ಯಾಡ್ರಿ, ಏನೂ ತಿದ್ದಬ್ಯಾಡ್ರಿ. ಹೆಂಗ ಅದೀನಿ ಹಂಗ ಇರಲಿ." ನಾನು ಅವಳನ್ನು ಬಾಗಿಲ ಹತ್ತಿರ ಕೂರಿಸಿದೆ. ಬೀದಿಯ ಬೆಳಕು ಅವಳ ಮುಖದ ಮೇಲೆ ಹೇಗೆ ಬಿದ್ದಿತ್ತೋ ಹಾಗೇ ತೆಗೆದೆ. ಒಂದು ಚುಕ್ಕೆಯನ್ನೂ ಮುಟ್ಟಲಿಲ್ಲ.

ಒಂದು ಪ್ರತಿ ಅವಳಿಗೆ ಕೊಟ್ಟೆ. ಇನ್ನೊಂದನ್ನು ದೊಡ್ಡದು ಮಾಡಿಸಿ, ಅವಳನ್ನು ಕೇಳಿ, ಬೀದಿಗೆ ಕಾಣುವ ಹಾಗೆ ಅಂಗಡಿಯ ಮುಂದಿನ ಗಾಜಿನ ಹಿಂದೆ ಇಟ್ಟೆ. ಒಂದು ದಿನ ರಾವಸಾಹೇಬರ ಜೀಪು ಬಾಗಿಲಿಗೆ ಬಂದು ನಿಂತಿತು. ಇಳಿದು ಬಂದವನೊಬ್ಬ ಗಾಜಿಗೆ ಬೆರಳು ಹಚ್ಚಿ, "ಇದನ್ನ ತಗೀಬೇಕಂತ ಹೇಳ್ಯಾರ" ಅಂದ.

"ತಗ್ಯಾಂಗಿಲ್ಲಂತ ಹೇಳು" ಅಂದೆ.

ಅಂಗಡಿ ಮುಚ್ಚುವ ದಿನದವರೆಗೂ ತೆಗೆಯಲಿಲ್ಲ.